ಗಡ್ಡ ಬಂದ ಇದ್ದಲಿ

ಮೇ ಕೊನೆಯ ಶನಿವಾರ, ಖಾಸಬಾಗದ ಮನೆಗೆ ಬೀಗ ಹಾಕಿ ಹೊರಟಾಗ ಆರೂವರೆ. ಹಿಂದಿನ ದಿನ ಜಾಂಬೋಟಿಯಿಂದ ಅಕ್ಕ ಗೌರವ್ವ ಫೋನ್ ಮಾಡಿದ್ದಳು. "ಅಕ್ಕೋರ, ನಿಮ್ಮ ಇದ್ದಲಿಗೆ ಬಿಳಿ ಗಡ್ಡ ಬಂದೈತಿ. ಬಂದು ಕ್ಷೌರಾ ಮಾಡ್ರಿ."

ನಾನು ಶಾಲೆಯಲ್ಲಿ ವಿಜ್ಞಾನ ಹೇಳುವವಳು; ಚೇಷ್ಟೆಗೆ ಅಕ್ಕನೂ ಶಾಲೆಯ ಮಕ್ಕಳಂತೆ ನನ್ನನ್ನು 'ಅಕ್ಕೋರ' ಅನ್ನುತ್ತಾಳೆ. ಆ ಕಡೆ ಕಂಬ ಹುಗಿಯುವ ಮೊದಲು ಬುಡವನ್ನು ಬೆಂಕಿಗೆ ಹಿಡಿದು ಇದ್ದಲಿಯಾಗಿಸುವ ರೂಢಿ. ಎರಡು ವರ್ಷದ ಹಿಂದೆ ಅಕ್ಕನ ಕೊಟ್ಟಿಗೆ ಏಳುವಾಗ, ಇದ್ದಲಿಯನ್ನು ಅಣಬೆಯೂ ಮುಟ್ಟುವುದಿಲ್ಲ ಎಂದು ಧೈರ್ಯ ಕೊಟ್ಟವಳು ನಾನೇ. ಈಗ ಒಂದು ಕಂಬ ಬುಡಕ್ಕೆ ಬಿಳಿ ಅಣಬೆ ಹಿಡಿದು ವಾಲಿತ್ತು. ಮಳೆ ಹತ್ತಿರ ಬಂದಿತ್ತು, ಎಮ್ಮೆ ಇಂದೋ ನಾಳೆಯೋ ಈಯುವುದಿತ್ತು. ಕೊಟ್ಟಿಗೆ ನೆಟ್ಟಗಾಗದೆ ತಿರುಗಿ ಬರಬಾರದೆಂದು ನಿರ್ಧರಿಸಿದ್ದೆ.

ಖಾನಾಪುರಕ್ಕೆ ಇಪ್ಪತ್ತಾರು ಕಿಲೋಮೀಟರ್. ಆಧಾರ್ ತೋರಿಸಿ ಸೊನ್ನೆ ರೂಪಾಯಿಯ ಟಿಕೆಟ್ ಪಡೆದೆ. ಅಲ್ಲಿ ಅವಲಕ್ಕಿ, ಚಹಾ ಮುಗಿಸಿ ಜಾಂಬೋಟಿ ಬಸ್ಸಿಗೆ ಮುಕ್ಕಾಲು ತಾಸು ಕಾದೆ. ಬಾಜು ಕುಳಿತ ಮುದುಕರು ನಾನು ಹೊರಟ ಕೆಲಸ ಕೇಳಿ ನಕ್ಕರು. "ಖರೇನ? ಇದ್ದಲಿ ತಿಂದ್ರ ಅಣಬಿಗೆ ಹೊಟ್ಟಿ ತುಂಬತೈತೇನ್ರೀ?"

ಆ ಪ್ರಶ್ನೆ ದಾರಿಯುದ್ದಕ್ಕೂ ತಲೆಯಲ್ಲಿತ್ತು. ಅಕ್ಕನ ಮನೆ ಮುಟ್ಟಿ, ವಾಲಿದ ಕಂಬ ಕಿತ್ತಾಗ ಉತ್ತರ ಸಿಕ್ಕಿತು. ಇದ್ದಲಿ ಗಟ್ಟಿಯಾಗಿಯೇ ಇತ್ತು. ಭೂತಗನ್ನಡಿಯಲ್ಲಿ ನೋಡಿದರೆ ಅದರ ಬಿರುಕುಗಳಲ್ಲಿ, ಸಣ್ಣ ರಂಧ್ರಗಳಲ್ಲಿ ಬಿಳಿ ಎಳೆಗಳು ಒಳಗೆ ಇಳಿದಿದ್ದವು. ಚಾಕು ಹಾಕಿದೆ. ಒಳಗಿನ ಮರ ಚಹಾದಲ್ಲಿ ನೆನೆದ ಖಾರಿ ಬಿಸ್ಕೀಟಿನ ಹಾಗೆ ಉದುರಿತು. ಅಣಬೆಗೆ ಇದ್ದಲಿ ಊಟವಲ್ಲ, ದಾರಿ.

ಭಾವ ನಿಂಗಪ್ಪ ಅಷ್ಟರಲ್ಲಿ ಕೊಟ್ಟಿಗೆಯ ನಾಲ್ಕೂ ಕಂಬ ಬದಲಿಸಲೆಂದು ಹೊಸವುಗಳ ಬುಡ ಸುಟ್ಟು ಇಟ್ಟಿದ್ದರು. ಹುಗಿಯುವುದು ಬೇಡ, ಕಲ್ಲಿನ ಮೇಲೆ ನಿಲ್ಲಿಸೋಣ ಎಂದೆ.

"ಅಪ್ಪನ ಕಾಲದಿಂದ ಹಿಂಗ ಹುಗದೇವಿ," ಎಂದರು.

"ಅಪ್ಪಾರ ಕಾಲದಾಗ ಒಣಗಿದ ಮತ್ತಿ ಕಂಬ ಇದ್ದುವು, ಭಾವಾ. ಇದು ಹಸಿ ನೀಲಗಿರಿ. ಒಣಗಿದಂಗೆಲ್ಲಾ ಇದ್ದಲಿ ಬಿರಿತೈತಿ, ಅಣಬಿಗೆ ಬಾಗಲಾ ತಗದಂಗ."

ಭಾವ ಕಂಬವನ್ನು ಉಗುರಿನಿಂದ ಕೆರೆದು ನೋಡಿದರು. ಹಿತ್ತಲಿನಿಂದ ಕೆಂಪು ಕಲ್ಲು ಹೊತ್ತು ತಂದರು. ಮಣ್ಣು ತಾಗದಂತೆ ಕಂಬಗಳನ್ನು ಕಲ್ಲಿನ ಮೇಲೆ ನಿಲ್ಲಿಸಿ, ಅಲುಗದಂತೆ ಓರೆ ಪಟ್ಟಿ ಹೊಡೆದು ಮುಗಿಸುವಷ್ಟರಲ್ಲಿ ಹೊತ್ತು ಮುಳುಗಿತು. ಕೈತುಂಬ ಬೊಬ್ಬೆ.

ರವಿವಾರ ಮುಂಜಾನೆ ಎಮ್ಮೆ ಈಯಿತು. ಗಿಣ್ಣ ತಿಂದು, ಗಡ್ಡ ಬಂದ ಇದ್ದಲಿಯ ತುಂಡೊಂದನ್ನು ಡಬ್ಬಿಗೆ ಹಾಕಿಕೊಂಡೆ. ಅಕ್ಕ ಬಸ್ಸಿನವರೆಗೂ ಬಂದಳು. "ಸಾಲ್ಯಾಗ ಮೊದಲ ನಿನ್ನ ತಪ್ಪು ಹೇಳು. ಆಮ್ಯಾಲ ಅಣಬಿದ್ದು."

ಬಸ್ಸು ಹೊರಟಾಗ ಮೊದಲ ಮಳೆ ಬಿತ್ತು. ತಿರುವಿನಲ್ಲಿ, ರಸ್ತೆ ಬದಿಗಿದ್ದ ಅಕ್ಕನ ಕೊಟ್ಟಿಗೆಯತ್ತ ತಿರುಗಿ ನೋಡಿದೆ. ನೀರು ಕಲ್ಲುಗಳ ಸುತ್ತ ಹರಿಯುತ್ತಿತ್ತು. ಕಂಬಗಳ ಬುಡ ಒಣಗಿಯೇ ಇತ್ತು. ಎಮ್ಮೆ ಕರುವನ್ನು ನೆಕ್ಕುತ್ತಿತ್ತು.