ಹನ್ನೆರಡರ ಬಿಸಿಲಲ್ಲಿ ನಿಲ್ಲಿಸಿದವಳು ನಾನೇ

"ಮಿಸ್, ತಲೆ ನೋಯ್ತೈತೆ" ಎಂದು ಚೈತ್ರ ಮೊದಲ ಸಲ ಹೇಳಿದಾಗ ನಾನು ಅವಳ ಮುಖವನ್ನೂ ಸರಿಯಾಗಿ ನೋಡಲಿಲ್ಲ.

ಚೈತ್ರ ನನ್ನ ಮಗಳು. ಒಂಬತ್ತು ವರ್ಷ. ಗೌಡಗೆರೆ ಹತ್ತಿರ ನಾನು ಪಾಠ ಮಾಡುವ ಶಾಲೆಯಲ್ಲೇ ನಾಲ್ಕನೇ ತರಗತಿ. ಶಾಲೆಯಲ್ಲಿ ಅಮ್ಮ ಎನ್ನಬಾರದೆಂದು ನಾನೇ ಕಲಿಸಿದ್ದೆ. ಮಾರ್ಚ್ ಕೊನೆ, ವಾರ್ಷಿಕೋತ್ಸವದ ಡ್ರಿಲ್ ಅಭ್ಯಾಸ. ಮೈದಾನದಲ್ಲಿ ಒಂದು ಮರವೂ ಇಲ್ಲ. ಹನ್ನೊಂದಕ್ಕೆ ಶುರು ಮಾಡಿದ್ದು ಹನ್ನೆರಡು ದಾಟಿದರೂ ಮುಗಿದಿರಲಿಲ್ಲ. ಸಾಲು ಸರಿ ಬರುತ್ತಿಲ್ಲವೆಂದು ನಾನೇ ಮತ್ತೆ ಮತ್ತೆ ಮಾಡಿಸುತ್ತಿದ್ದೆ. ನನ್ನ ಮಗಳೊಬ್ಬಳನ್ನು ನೆರಳಿಗೆ ಕಳಿಸಿದರೆ ಉಳಿದವರು ಏನಂದುಕೊಂಡಾರು ಎಂಬ ಯೋಚನೆ ಬೇರೆ.

"ನಾಟಕ ಆಡ್ಬೇಡ, ನಿಂತ್ಕೋ" ಎಂದೆ.

ನಿಂತಳು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಹೇಳಿದಳು. ನಾನು ಬೇರೆ ಕಡೆ ನೋಡಿದೆ.

ಹನ್ನೆರಡೂವರೆಗೆ ಬಿದ್ದಳು.

ಮುಟ್ಟಿದರೆ ಮೈ ಸುಡುತ್ತಿತ್ತು. ಬೆವರಿಲ್ಲ. ಕಣ್ಣು ತೆರೆದಿದ್ದರೂ ನನ್ನ ಗುರುತು ಹಿಡಿಯದೆ ಏನೇನೋ ಬಡಬಡಿಸುತ್ತಿದ್ದಳು. ಬಿಸಿಯೂಟದ ರತ್ನಮ್ಮ ಒಂದು ಕೊಡ ನೀರು ತಂದು ಸುರಿದಳು. "ಬಾಯಿಗೆ ಹಾಕ್ಬ್ಯಾಡಿ ಮಿಸ್, ನೆತ್ತಿಗೇರ್ತದೆ. ಮೈ ನೆನೆಸಿ." ಒದ್ದೆ ಬಟ್ಟೆ ಸುತ್ತಿ, ಸಹೋದ್ಯೋಗಿಯ ಕಾರಿನಲ್ಲಿ ಸಿರಾದ ಆಸ್ಪತ್ರೆಗೆ ಕರೆದೊಯ್ದೆವು.

ಎಮರ್ಜೆನ್ಸಿಯಲ್ಲಿ ಕಂಕುಳಿಗೆ, ಕತ್ತಿಗೆ ಐಸ್ ಪ್ಯಾಕ್ ಇಟ್ಟರು. ಡ್ರಿಪ್ ಹಾಕಿದರು. ಟೆಂಪರೇಚರ್ ನೂರಾ ಐದು.

"ಹೀಟ್ ಸ್ಟ್ರೋಕ್" ಎಂದರು ಡಾಕ್ಟರ್, ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಬಿಸಿಲಲ್ಲಿ ಎಷ್ಟು ಹೊತ್ತು ಇದ್ಲು?"

"ಒಂದಿಪ್ಪತ್ತು ನಿಮಿಷ" ಎಂದೆ.

ಸುಳ್ಳು.

ಮಗಳು ಎಚ್ಚರವಿಲ್ಲದೆ ಮಲಗಿದ್ದಾಗಲೂ ನಾನು ನನ್ನ ಮರ್ಯಾದೆ ಕಾಯುತ್ತಿದ್ದೆ. ಡಾಕ್ಟರ್ ಬರೆದುಕೊಂಡು ಹೊರಟರು. ನನಗೆ ತಡೆಯಲಾಗಲಿಲ್ಲ. ಹಿಂದೆಯೇ ಹೋಗಿ, "ಡಾಕ್ಟ್ರೇ, ಒಂದೂವರೆ ಗಂಟೆ. ತಲೆನೋವು ಅಂತ ಎರಡು ಸಲ ಹೇಳಿದ್ಲು. ನಾನೇ ಬಿಡ್ಲಿಲ್ಲ" ಎಂದೆ.

"ಹೇಳಿದ್ದು ಒಳ್ಳೇದಾಯ್ತು" ಎಂದು ಅವರು ಕಿಡ್ನಿ, ಲಿವರ್ ಟೆಸ್ಟ್ ಬರೆದರು. ಬೈದಿದ್ದರೆ ಹಗುರಾಗುತ್ತಿದ್ದೆನೇನೋ.

ಸಂಜೆ ನನ್ನ ಗಂಡನ ಜೊತೆ ಅತ್ತೆ ಬಂದರು. ಮೊಮ್ಮಗಳ ಕಾಲು ಸವರುತ್ತಾ, "ಕಳ್ಳೇಕಾಯ್ ಕೀಳಕ್ ಹೋದಾಗ್ಲೂ ನಾವು ಮಕ್ಳುನ್ನ ಮರದಡೀಲೇ ಬುಡ್ತಿದ್ವಿ ಕಣಮ್ಮ" ಎಂದರು. ಅಷ್ಟೇ. ನಾನು ಓದಿದವಳು.

ಮರುದಿನ ಬೆಳಿಗ್ಗೆ ಚೈತ್ರ ನನ್ನನ್ನು ಗುರುತಿಸಿದಳು. "ಅಮ್ಮ, ನಾನು ಬಿದ್ದಿದ್ದಕ್ಕೆ ಸಾಲು ಕೆಟ್ಟೋಯ್ತಾ?"

"ನಂದೇ ತಪ್ಪು ಪುಟ್ಟಾ" ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ, ನನ್ನ ಬೆರಳು ಹಿಡಿದುಕೊಂಡು ನಿದ್ದೆ ಹೋದಳು.

ನಾಲ್ಕು ದಿನಕ್ಕೆ ಟೆಸ್ಟುಗಳೆಲ್ಲ ನಾರ್ಮಲ್ ಬಂದವು. ಈ ಬೇಸಿಗೆಯಿಡೀ ನಡುಹಗಲಿನ ಬಿಸಿಲಿಗೆ ಬಿಡಬೇಡಿ ಎಂದು ಹೇಳಿ ಮನೆಗೆ ಕಳಿಸಿದರು. ಅವಳು ಉಳಿದಳು. ಡಾಕ್ಟರಿಗೂ ರತ್ನಮ್ಮನಿಗೂ ನಾನು ಋಣಿ.

ಪೋಷಕರ ಸಭೆಯಲ್ಲಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಇನ್ನು ಅಭ್ಯಾಸ ಬೆಳಿಗ್ಗೆ ಎಂಟೂವರೆಯೊಳಗೆ, ನಡುನಡುವೆ ನೀರು, ತಲೆಗೆ ಟೋಪಿ ಎಂದೆ. ಹಿಂದೆ ಕೂತಿದ್ದ ತಾಯಿಯೊಬ್ಬಳು ಮೆಲ್ಲಗೆ ಎದ್ದಳು.

"ಅವತ್ತು ನಮ್ ಹುಡ್ಗೀನೂ ಮನೇಗ್ ಬಂದು ವಾಂತಿ ಮಾಡ್ಕಂಡ್ಳು ಮಿಸ್. ನಿಮ್ಗೆ ಹೆಂಗ್ ಹೇಳಾದು ಅಂತ ಸುಮ್ಕಾಗ್ಬುಟ್ವಿ."

ಅಂದು ಮೈದಾನದಲ್ಲಿ ನಲವತ್ತು ಮಕ್ಕಳಿದ್ದರು. ನಾನು ಒಬ್ಬಳನ್ನು ಮಾತ್ರ ನೆನೆದು ಅತ್ತಿದ್ದೆ.

ಮರುದಿನ ಆ ಹುಡುಗಿಯ ಮನೆಗೆ ಹೋಗಿ ಅವಳೆದುರು ಕೂತು ತಪ್ಪಾಯಿತು ಎಂದೆ. ಅವಳು ನಾಚಿ ತಾಯಿಯ ಸೆರಗಿನ ಹಿಂದೆ ಸರಿದಳು.

ಉಳಿದದ್ದು ಮೂವತ್ತೆಂಟು ಮಕ್ಕಳ ಮನೆ. ದಿನಕ್ಕೊಂದರಂತೆ ಹೋಗುತ್ತಿದ್ದೇನೆ.