ಔಷಧಕ್ಕೆ ಸಾಯದ ಹೇನು

ಹೋದ ತಿಂಗಳು ನನ್ನ ತಲೆಯಲ್ಲಿ ಹೇನು ಸಿಕ್ಕವು. ಒಂದಲ್ಲ, ಎರಡಲ್ಲ. (ಓದುತ್ತಲೇ ನಿಮ್ಮ ಕೈ ತಲೆಗೆ ಹೋಯಿತಲ್ಲವೇ? ಹೋಗಲಿ ಬಿಡಿ, ಯಾರೂ ನೋಡುತ್ತಿಲ್ಲ.)

ಶಹಾಪುರದ ಹತ್ತಿರದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಆ ವಾರ ಹತ್ತನೇ ಕ್ಲಾಸಿಗೆ ಜೀವವಿಕಾಸದ ಪಾಠ ಶುರುವಾಗಿತ್ತು. ಬೋರ್ಡಿನ ಮೇಲೆ ಜಿರಾಫೆ ಬರೆದೆ. ಮಕ್ಕಳು ಒಂಟೆ ಅಂದುಕೊಂಡರು. ನಿಸರ್ಗದ ಆಯ್ಕೆ ಒಬ್ಬರ ತಲೆಗೂ ಇಳಿಯಲಿಲ್ಲ.

ಭಾಗಮ್ಮ ಇದ್ದಿದ್ದರೆ ಒಂದು ಪ್ರಶ್ನೆಯನ್ನಾದರೂ ಕೇಳುತ್ತಿದ್ದಳು. ಕ್ಲಾಸಿನಲ್ಲೇ ಚುರುಕಿನ ಹುಡುಗಿ. ಆದರೆ ನಾಲ್ಕು ದಿನದಿಂದ ನಾಪತ್ತೆ. ಗೆಳತಿಯರನ್ನು ಕೇಳಿದರೆ ಮುಖ ಮುಖ ನೋಡಿಕೊಂಡು ಕಿಸಕ್ಕೆಂದರು. ಕೊನೆಗೊಬ್ಬಳು ಬಾಯಿಬಿಟ್ಟಳು:

"ಆಕಿ ತಲ್ಯಾಗ ಭಾಳ ಹೇನು ಆಗ್ಯಾವ್ರಿ. ಬಾಜೂಕ ಯಾರೂ ಕುಂದ್ರವಲ್ರು. ಅವರವ್ವ ತಲಿ ಬೋಳಸ್ತೀನಿ ಅಂದಾಳಂತ್ರಿ."

ಹದಿನೈದು ವರ್ಷದ ಹುಡುಗಿ. ಸೊಂಟದವರೆಗೆ ಜಡೆ. ತಲೆ ಬೋಳಿಸಿದರೆ ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತುತ್ತಾಳೆಯೇ? ಪರೀಕ್ಷೆ ಬರೆಯುತ್ತಾಳೆಯೇ? ಸಂಜೆ ಗಂಟೆ ಹೊಡೆದದ್ದೇ ತಡ, ಅವಳ ಮನೆಗೆ ಹೋದೆ.

ಭಾಗಮ್ಮ ತಲೆಗೆ ಓಢಣಿ ಸುತ್ತಿಕೊಂಡು ಬಾಗಿಲ ಹಿಂದೆ ಸರಿದು ನಿಂತಳು. ಅವಳ ಅವ್ವ ಶರಣಮ್ಮ ಆಗಷ್ಟೇ ಹೊಲದಿಂದ ಬಂದಿದ್ದರು. ಕೆಂಡವಾಗಿದ್ದರು. ಸಿಟ್ಟು ಮಗಳ ಮೇಲಲ್ಲ, ಔಷಧಿ ಅಂಗಡಿಯವನ ಮೇಲೆ.

"ಮೂರು ಸಲ ಔಷಧ ತಂದು ಹಚ್ಚೀನ್ರಿ ಮೇಡಮ್ರಿ. ಮದಲನೇ ಸಲ ಪಟಪಟ ಉದುರಿದವು. ಈಗ ಅದನ್ನೇ ಕುಡುದು ಕುಣ್ಯಾಕತ್ಯಾವ! ಖೋಟಾ ಮಾಲು ಕೊಟ್ಟಾನ. ನಾಳಿ ಹೋಗಿ ಅವನ ಮುಂದ ಬಾಟ್ಲಿ ಒಗೀತೀನಿ ನೋಡ್ರಿ."

ಬಾಟ್ಲಿ ತಿರುಗಿಸಿ ನೋಡಿದೆ. ತಾರೀಖು ಬರೋಬರ್ ಇತ್ತು. ಮಾಲೂ ಅಸಲಿಯೇ. ನೋಡುತ್ತಾ ನೋಡುತ್ತಾ ನನ್ನ ಇನ್ನೊಂದು ಕೈ ತಲೆ ಕೆರೆಯತೊಡಗಿತು. (ವಾರದಿಂದ ಕೆರೆಯುತ್ತಿದ್ದೆ. ಹೊಟ್ಟು ಇರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.) ಶರಣಮ್ಮನ ಕಣ್ಣಿಗೆ ಅದು ಬಿತ್ತು.

"ಮೇಡಮ್ರಿ, ಹಿಂಗ ಬರ್ರಿ ಸ್ವಲ್ಪ."

ಹೊಸ್ತಿಲ ಬೆಳಕಿನಲ್ಲಿ ಕೂರಿಸಿ, ತಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ಕೂದಲು ಬಿಡಿಸಿದರು. ಚಟ್! ಎರಡು ಉಗುರಿನ ನಡುವೆ ಒಂದು.

"ಅಯ್ಯ ನಮ್ಮವ್ವ! ನಮ್ಮವಕ್ಕಿಂತ ನಿಮ್ಮವು ದಪ್ಪ ಅದಾವ್ರಿ!"

ಬಾಗಿಲ ಹಿಂದಿನಿಂದ ಕಿಲಕಿಲ ನಗು. ನಾಲ್ಕು ದಿನದ ಮೇಲೆ ಭಾಗಮ್ಮ ನಕ್ಕಿದ್ದಳು.

ಎಂ.ಎಸ್ಸಿ., ಬಿ.ಎಡ್. ಮಾಡಿದ ತಲೆ ಶರಣಮ್ಮನ ತೊಡೆಯ ಮೇಲಿತ್ತು. ಮರ್ಯಾದೆ ಹೇಗೂ ಹೋಗಿತ್ತು. ಪಾಠವಾದರೂ ಆಗಲಿ ಎಂದು ಹಾಗೇ ಮಲಗಿ ಶುರು ಮಾಡಿದೆ.

"ಔಷಧ ಖೋಟಾ ಇಲ್ರಿ ಶರಣಮ್ಮ. ತಲ್ಯಾಗ ನೂರು ಹೇನು ಇದ್ದವು ಅನ್ಕೋರಿ. ಎಲ್ಲಾ ಒಂದೇ ನಮೂನಿ ಇರಂಗಿಲ್ಲ. ಅದ್ರಾಗ ಎರಡಕ್ಕ ಹುಟ್ಟಿನಿಂದಲೇ ಈ ಔಷಧ ತಟ್ಟಂಗಿಲ್ಲ. ಹಚ್ಚಿದ್ರಿ, ತೊಂಬತ್ತೆಂಟು ಸತ್ತವು. ಇನ್ನ ತತ್ತಿ ಇಡೋವು ಯಾವು?"

"ಉಳದ ಎರಡು." ಶರಣಮ್ಮನ ಕೈ ನಿಂತಿತು. "ಅಂದ್ರ ಔಷಧ ಕುಡುದು ಕುಡುದು ಅವಕ್ಕ ರೂಢಿ ಆಗ್ಯಾದೇನ್ರಿ?"

ಉತ್ತರ ಕೊಟ್ಟದ್ದು ನಾನಲ್ಲ. ಭಾಗಮ್ಮ ಹೊರಗೆ ಬಂದಿದ್ದಳು.

"ಇಲ್ಲಬೇ ಅವ್ವ, ಸತ್ತದ್ದು ಹೆಂಗ ರೂಢಿ ಮಾಡ್ಕೊಂತದ? ಮದಲೇ ಗಟ್ಟಿ ಇದ್ದವು ಉಳದಾವ. ಅವುಗಳ ಮರಿನೂ ಅವುಗಳಂಗೇ ಗಟ್ಟಿ."

"ಹೌದಲ್ಲಬೇ! ಬೀಜಕ್ಕಂತ ದಪ್ಪನ ಜೋಳದ ತೆನಿ ಆರಿಸಿ ಇಡ್ತೀವಲ್ಲ, ಹಂಗ ನಾನೇ ಗಟ್ಟಿ ಹೇನು ಆರಿಸಿ ನಿನ್ನ ತಲ್ಯಾಗ ಸಾಕೀನಿ ಅನ್ನು!"

ನಾನು ಎದ್ದು ಕೂತೆ. ಇಷ್ಟು ವರ್ಷ ಪಾಠ ಮಾಡಿದ್ದೇನೆ, ಇಷ್ಟು ಚೊಕ್ಕವಾಗಿ ಎಂದಾದರೂ ಹೇಳಿದ್ದೇನೆಯೇ? ತೆನೆಯನ್ನಾದರೆ ನಾವು ನೋಡಿ ಆರಿಸುತ್ತೇವೆ. ನಿಸರ್ಗ ನೋಡುವುದೂ ಇಲ್ಲ, ಆರಿಸುವುದೂ ಇಲ್ಲ. ಸಾಯುವವು ಸಾಯುತ್ತವೆ, ಉಳಿದವು ಮಕ್ಕಳು ಮಾಡುತ್ತವೆ. ಅಷ್ಟರಿಂದಲೇ ಪೀಳಿಗೆ ಬದಲಾಗಿಬಿಡುತ್ತದೆ. (ಹತ್ತಿ ಹೊಲದ ಹುಳು ಹಳೆಯ ಔಷಧಕ್ಕೆ ಜಗ್ಗದಿರುವುದೂ ಹೀಗೇ.)

ಬೋಳಿಸುವ ಮಾತು ಅಲ್ಲಿಗೇ ಬಿದ್ದುಹೋಯಿತು. ಔಷಧಕ್ಕೆ ಜಗ್ಗದ ಹೇನೂ ಬಾಚಣಿಗೆಯ ಹಲ್ಲಿಗೆ ಸಿಗಲೇಬೇಕಲ್ಲ. ಕೂದಲು ಒದ್ದೆ ಮಾಡಿ, ಒತ್ತು ಹಲ್ಲಿನ ಹಣಗಿಯಿಂದ ಮೂರು ದಿನಕ್ಕೊಮ್ಮೆ ಬಾಚುವುದು ಎಂದು ಮೂವರೂ ಒಪ್ಪಿಕೊಂಡೆವು.

ಮರುದಿನ ಭಾಗಮ್ಮ ಬಂದಳು. ಕ್ಲಾಸಿನಲ್ಲಿ ಪಿಸುಪಿಸು. ನಾನು ಪುಸ್ತಕ ಮುಚ್ಚಿ, "ನನ್ನ ತಲ್ಯಾಗ ಹೇನು ಅದಾವ. ಮತ್ತ ಯಾರ್ಯಾರ ತಲ್ಯಾಗ ಅದಾವ?" ಎಂದೆ.

ಮೊದಲು ಒಂದು ಕೈ ಎದ್ದಿತು. ನಾಲ್ಕು ಎದ್ದವು. ಅರ್ಧ ಕ್ಲಾಸೇ ಕೈ ಎತ್ತಿತು! ಭಾಗಮ್ಮ ಬೋರ್ಡಿನ ಹತ್ತಿರ ನಿಂತು ನೂರು ಹೇನಿನ ಕಥೆ ಹೇಳಿದಳು. ಪಕ್ಕದಲ್ಲಿ ಕೂರಲು ತಕರಾರು ತೆಗೆದವರೇ ಹೆಚ್ಚು ಪ್ರಶ್ನೆ ಕೇಳಿದರು. ಮೂರು ವಾರದಲ್ಲಿ ಅವಳ ತಲೆ ಸ್ವಚ್ಛ, ಜಡೆ ಹಾಗೇ ಇದೆ.

ಸ್ಟಾಫ್ ರೂಮಿನಲ್ಲಿ ಮಾತ್ರ ಸುದ್ದಿ ಮುಟ್ಟಿದ ದಿನ ಕುರ್ಚಿಗಳು ನನ್ನಿಂದ ದೂರ ಸರಿದವು. ಮರುದಿನ ವರಾಂಡದಲ್ಲಿ ಒಬ್ಬರು ಮೆಲ್ಲಗೆ ಬಂದು ಕೇಳಿದರು, "ಆ ಹಣಗಿ ಎಲ್ಲಿ ಸಿಗ್ತದ್ರಿ ಮೇಡಮ್?" ಸ್ವಲ್ಪ ಹೊತ್ತಿಗೆ ಇನ್ನೊಬ್ಬರು. ಮಧ್ಯಾಹ್ನದ ಹೊತ್ತಿಗೆ ಮೂರನೆಯವರು.

ನಿಜ ಹೇಳಿ, ಈ ಹೇನುಗಳನ್ನು ಇಷ್ಟು ಕಾಲ ಸಾಕಿದ್ದು ನಮ್ಮ ಕೂದಲೋ, ನಮ್ಮ ನಾಚಿಕೆಯೋ?