ರಿಬ್ಬನ್ ಕಟ್ಟಿದ ಬಾಗಿಲು

ಪುಣೆಯ ನಮ್ಮ ಕಾನ್ವೆಂಟಿನವರಿಗೆ ನಿಜಾಮರ ರಾಜ್ಯವೆಂದರೆ ಫಾರಿನ್. ಗಡಿಯಲ್ಲಿ ಸುಂಕದ ನಾಕೆ ಇತ್ತು, ನಾಣ್ಯ ಬೇರೆ ಇತ್ತು, ಇನ್ನೇನು ಬೇಕು? ಹೀಗಾಗಿ ಆ ಬೇಸಿಗೆಯಲ್ಲಿ ನಾವು ಕೆಲವು ಹುಡುಗಿಯರು ಬಡವರಿಗೆ ಮನೆ ಕಟ್ಟಿಕೊಡಲು 'ಓವರ್‌ಸೀಸ್' ಹೊರಟೆವು. ದಾಟಿದ ಸಮುದ್ರ ಭೀಮಾ ನದಿ, ಅದೂ ರೈಲಿನಲ್ಲಿ ಕೂತು. ತಾಂಡೂರು ಸ್ಟೇಷನ್ನಿನಲ್ಲಿ ನಮ್ಮ ಇಂಗ್ಲಿಷ್ ಮಿಸ್ ಎಲ್ಲರಿಗೂ ಕ್ವಿನೈನ್ ನುಂಗಿಸಿದರು. ನಾನೂ ನುಂಗಿದೆ, ಒಬೀಡಿಯಂಟ್ ಹುಡುಗಿ. ನಾನು ಹುಟ್ಟಿ ಬೆಳೆದದ್ದು ಅದೇ ರಾಜ್ಯದ ಜಹೀರಾಬಾದಿನಲ್ಲಿ.

ನಾರಾಯಣಖೇಡದ ಹತ್ತಿರದ ಒಂದು ಹಳ್ಳಿಯಲ್ಲಿ ಕುರುಬರ ಗುಡಿಸಲೊಂದು ಸುಟ್ಟುಹೋಗಿತ್ತು. ಆ ಮನೆಯ ಸೊಸೆ ತುಂಬಿದ ಬಸುರಿ, ಬೇವಿನ ಮರದಡಿ ಕಂಬಳಿಯ ಮರೆ ಕಟ್ಟಿಕೊಂಡಿದ್ದಳು. ಅವಳಿಗೆ ಇದ್ದದ್ದು ಒಂದೇ ಆಸೆ: ಮಳೆ ಬೀಳುವುದರೊಳಗೆ ಸ್ವಂತ ಮನೆಯಲ್ಲಿ ಹೆರಬೇಕು.

ಕಂಬ, ಮಾಳಿಗೆ ಊರಿನವರ ಕೆಲಸ. ಮಣ್ಣಿನ ಗೋಡೆ ನಮ್ಮದು. ಸೂರು ನೆಟ್ಟಗೆ ನಿಂತದ್ದು ಊರಿನವರ ಕಂಬದ ಮೇಲೆ ಕೂತಿದ್ದಕ್ಕೇ. ನಾವು ಗ್ಲೌಸ್ ತೊಟ್ಟು, ಚರ್ಚಿನ ಹಿಮ್ ಹಾಡುತ್ತ ಮಣ್ಣು ಮೆತ್ತಿದೆವು. ಪುಣೆಯಿಂದ ತಂದ ಹಸಿರು ಬಣ್ಣದ ಬಾಗಿಲು ಚೌಕಟ್ಟಿನ ಸಮೇತ ಮರಕ್ಕೆ ಒರಗಿತ್ತು. ಅದನ್ನು ಕಡೆಗೆ ಕೂರಿಸಿ, ಸ್ಯಾಟಿನ್ ರಿಬ್ಬನ್ ಕಟ್ಟಿ ಫೋಟೋ ತೆಗೆಸುವುದು ಮಿಸ್ ಅವರ ಪ್ಲ್ಯಾನ್.

ಅತ್ತೆ ಮುದುಕಿ ಬಂದು ನೋಡಿದಳು. "ಯವ್ವಾ, ಚೌಕಟ್ ನಿಲ್ಲಸಲಾರ್ದ ಗ್ವಾಡಿ ಕಟ್ಟಾಕ ಹತ್ತೀರಿ? ಮದಲ ಚೌಕಟ್, ಅದಕ್ಕ ಅರಿಶಿಣ ಕುಂಕುಮ, ಆಮ್ಯಾಲ ಗ್ವಾಡಿ."

ನಾನು ತರ್ಜುಮೆ ಮಾಡಿದೆ. ಮಿಸ್ ನಕ್ಕು, "ಡೋರ್ ಈಸ್ ದ ಫಿನಿಶಿಂಗ್ ಟಚ್, ಡಿಯರ್" ಎಂದರು.

"ಏನಂತಾಳ ನಿಮ್ಮ ದೊಡ್ಡಬಾಯಿ?" ಎಂದಳು ಮುದುಕಿ. ಬಾಯಿ ಎಂದರೆ ಆ ಕಡೆ ಅಮ್ಮಾವರು.

"ಬಾಗಲಾ ಕಡೀಕಂತ."

"ಲಗ್ನಾ ಮಾಡಿ ಆಮ್ಯಾಲ ಗಂಡ್ ಹುಡುಕತಾಳೇನ್ ಕೇಳು!"

ಇದನ್ನು ನಾನು ತರ್ಜುಮೆ ಮಾಡಲಿಲ್ಲ. ಮಿಸ್ ಅವರಿಗೆ ಲಗ್ನವಾಗಿರಲಿಲ್ಲ.

ಗೋಡೆ ಮುಗಿಯಿತು. ನಡುವಿನ ಸಂದಿಯಲ್ಲಿ ಚೌಕಟ್ಟು ತುರುಕಿ, ಸುತ್ತ ಕಲ್ಲು ಜಡಿದೆವು. ತಹಶೀಲ್ದಾರರು ರಿಬ್ಬನ್ ಕತ್ತರಿಸಿ, ಉರ್ದುವಿನಲ್ಲಿ ಉದ್ದನೆಯ ಭಾಷಣ ಮಾಡಿದರು. ಸೊಸೆ ಮಾತ್ರ ಹೊರಗೇ ನಿಂತಳು. "ಇದು ಕುರಿದೊಡ್ಡಿರಿ, ಮನಿ ಅಲ್ಲ. ನಾ ಒಳಗ ಬರಂಗಿಲ್ಲ."

"ಶೈ, ಪೂರ್ ಥಿಂಗ್" ಎಂದು ಮಿಸ್ ಕರಗಿದರು. ಮುದುಕಿ ಎರಡು ಕುರಿ ಒಳಗೆ ಹೊಗಿಸಿದಳು. ಅದೇ ಇಲ್ಲಿನ ಬ್ಲೆಸಿಂಗ್ ಎಂದುಕೊಂಡ ಮಿಸ್ ಕುರಿಗಳ ಪಕ್ಕದಲ್ಲೇ ಫೋಟೋ ತೆಗೆಸಿಕೊಂಡರು. ಫೋಟೋದವನು ತಹಶೀಲ್ದಾರರ ಮೋಟಾರು ಹತ್ತಿ ಹೋದ.

ಸಂಜೆಗೆ ಕಂಗ್ಟಿಯ ದಿಕ್ಕಿನಿಂದ ಮೋಡ ಕವಿಯಿತು. ಮರದಡಿ ಸೊಸೆ ಸೊಂಟ ಹಿಡಿದು ಕೂತಳು, ಬೇನೆ ಶುರುವಾಗಿತ್ತು. ಒಳಗೆ ಕರೆದರೆ ತಲೆ ಅಲ್ಲಾಡಿಸಿದಳು. ಮೊದಲ ಹನಿ ಬಿತ್ತು. ಮುದುಕಿ ಮಗನಿಗೆ ಕೂಗಿದಳು: "ನಿಂತ್ ನೋಡತಿ ಏನೋ? ಕೆಡವು ಮುಂದಿನ ಗ್ವಾಡಿ!"

ಮಿಸ್ ಚೀರಿದರು. ಮುಂದಿನ ಗೋಡೆಯೊಂದಿಗೆ ನಮ್ಮ ಹಿಮ್‌ಗಳೆಲ್ಲ ದೊಪ್ಪೆಂದು ನೆಲಕ್ಕೆ ಬಿದ್ದವು. ಕುರಿಗಳು ಹೊರಗೋಡಿದವು. ಬಯಲಾದ ಜಾಗದಲ್ಲಿ ಚೌಕಟ್ಟನ್ನು ಒಂಟಿಯಾಗಿ ನಿಲ್ಲಿಸಿ, ಎರಡೂ ಬದಿಗೆ ಆಸರೆಯ ಕೋಲು ಕೊಟ್ಟರು. ಮುದುಕಿ ಅರಿಶಿಣ ಬಳಿದು, ಬೇವಿನ ಸೊಪ್ಪು ಸಿಕ್ಕಿಸಿದಳು. ಎಡಕ್ಕೂ ಬಲಕ್ಕೂ ಗೋಡೆಯೇ ಇಲ್ಲ, ಎಲ್ಲಿಂದಾದರೂ ಒಳಗೆ ಹೋಗಬಹುದಿತ್ತು. ಸೊಸೆ ಆ ಬೇನೆಯಲ್ಲೂ ಸುತ್ತಿ ಬಂದು, ಹೊಸ್ತಿಲಿಗೆ ಕೈ ಮುಗಿದು, ಚೌಕಟ್ಟಿನೊಳಗಿಂದಲೇ ಹಾದುಹೋದಳು. ಈ ವಯಸ್ಸಿನಲ್ಲೂ, ಯಾಕೋ, ಅವಳ ಆ ಬಾಗಿದ ಬೆನ್ನು ನನ್ನ ಕಣ್ಣಮುಂದೆ ಬರುತ್ತದೆ.

ಕಂಬಳಿ ಇಳಿಬಿಟ್ಟರು. ಮಳೆ ಜೋರಾಗುವ ಹೊತ್ತಿಗೆ ಕೂಸಿನ ಅಳು ಕೇಳಿಸಿತು.

ಮುದುಕಿ ಹೊರಬಂದು ಮಿಸ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಏ ದೊಡ್ಡಬಾಯಿ, ಮಗಾ ಹುಟ್ಟ್ಯಾನ, ತಂಡಿ ಗಾಳಿ ಬರತದ. ಜಲ್ದಿ ಮಣ್ಣು ತಾ, ಈಗ ಕಟ್ಟೂಣು."

"ವಾಟ್ ಡಸ್ ಶೀ ಸೇ?"

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮಿಸ್ ಗ್ಲೌಸ್ ಹುಡುಕಿದರು, ಸಿಗಲಿಲ್ಲ. ಬರಿಗೈಯಲ್ಲೇ ಮಣ್ಣಿನ ಬುಟ್ಟಿ ಹೊತ್ತು ತಂದು ಚೌಕಟ್ಟಿನ ಪಕ್ಕ ಸುರಿದರು.

"ಹಿಂಗ," ಎಂದಳು ಮುದುಕಿ. "ಇನ್ನೊಂದ್ ಬುಟ್ಟಿ."